ಸಂಬಳದಲ್ಲಿ ಹಿಡಿದ ಪಿಎಫ್ ಕಂಪನಿ ಕಟ್ಟಿಲ್ಲವೇ? ಹೀಗೆ ಮಾಡಿ

ಪೇಸ್ಲಿಪ್‌ನಲ್ಲಿ ಪಿಎಫ್ ಅಂತ ದುಡ್ಡು ಹಿಡಿದಿದ್ದಾರೆ. ಪಾಸ್‌ಬುಕ್ ತೆಗೆದರೆ ಮೂರು ತಿಂಗಳಿಂದ ಒಂದು ಸಾಲೂ ಸೇರಿಲ್ಲ. ಕೇಳಿದರೆ "ಪ್ರೋಸೆಸ್‌ನಲ್ಲಿದೆ, ಬರುತ್ತೆ" ಎನ್ನುತ್ತಾರೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಕೆಲಸ ಬಿಡುವಾಗ ನೋಡಿಕೊಂಡರಾಯಿತು ಎಂದು ಸುಮ್ಮನಾಗುತ್ತಾರೆ. ನಷ್ಟ ಶುರುವಾಗುವುದೇ ಅಲ್ಲಿ. ಮೂರು ತಿಂಗಳ ಬಾಕಿಯನ್ನು ಹೊರಗೆ ತರಿಸಬಹುದು. ಮೂರು ವರ್ಷದ ಬಾಕಿ, ಅದೂ ಕಂಪನಿ ಬಾಗಿಲು ಹಾಕಿದ ಮೇಲೆ ಅಂದರೆ, ವರ್ಷಗಟ್ಟಲೆ ಅಲೆದಾಟ.

ಸಂಬಳ ನಾಲ್ಕು ದಿನ ತಡವಾದರೆ ಇಡೀ ಆಫೀಸು ಕೇಳುತ್ತದೆ. ಪಿಎಫ್ ನಾಲ್ಕು ತಿಂಗಳು ತಡವಾದರೂ ಕೇಳುವವರಿಲ್ಲ. ಹಾಗಾಗಿ ಕೈ ಬಿಗಿಯಾದ ಕಂಪನಿ ಮೊದಲು ಕೈ ಹಾಕುವುದು ಪಿಎಫ್ ದುಡ್ಡಿಗೇ. ಅವರ ಲೆಕ್ಕದಲ್ಲಿ ಅದು ಯಾರೂ ಕೇಳದ ಸಾಲ. ನೀವು ಕೇಳುತ್ತೀರಿ ಎಂದು ಗೊತ್ತಾದ ಕೂಡಲೇ ಅರ್ಧ ಕೆಲಸ ಆದಂತೆ.

ಮೊದಲು ನಿಜವಾಗಿಯೂ ತಡವಾಗಿದೆಯಾ ನೋಡಿ

ಒಂದು ತಿಂಗಳ ಪಿಎಫ್ ದುಡ್ಡನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಜೂನ್ ಸಂಬಳದ್ದು ಜುಲೈ 15ಕ್ಕೆ. ಮೊದಲು ಇದಕ್ಕೆ 5 ದಿನದ ರಿಯಾಯಿತಿ ಇತ್ತು. 2016ರ ಫೆಬ್ರವರಿಯಿಂದ ಅದನ್ನು ತೆಗೆದುಹಾಕಿದ್ದಾರೆ. ಅಂದರೆ 16ನೇ ತಾರೀಖು ಕಟ್ಟಿದರೂ ಕಾನೂನಿನ ಪ್ರಕಾರ ಅದು ತಡವೇ.

ಹಾಗಂತ 16ಕ್ಕೇ ಜಗಳಕ್ಕೆ ಹೋಗಬೇಡಿ. ಕಂಪನಿ ಕಟ್ಟಿದ ದುಡ್ಡು ಪಾಸ್‌ಬುಕ್‌ನಲ್ಲಿ ಕಾಣಲು ಕೆಲವು ದಿನ ಬೇಕಾಗುತ್ತದೆ. ಕೆಲವೊಮ್ಮೆ ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಇಪಿಎಫ್‌ಒ ಕಡೆಯಿಂದಲೇ ತಡವಾಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ಪಾಸ್‌ಬುಕ್ ನೋಡುವ ಅಭ್ಯಾಸ ಇಟ್ಟುಕೊಂಡರೆ ಸಾಕು.

ಪಾಸ್‌ಬುಕ್ ಓದುವುದು

ಉಮಂಗ್ ಆ್ಯಪ್‌ನಲ್ಲೋ ಇಪಿಎಫ್‌ಒ ವೆಬ್‌ಸೈಟ್‌ನಲ್ಲೋ ಯುಎಎನ್ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಪಾಸ್‌ಬುಕ್ ತೆಗೆಯಿರಿ. ಯುಎಎನ್ ಜೊತೆ ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಕೊನೆಯ ಕಂತು ಮತ್ತು ಖಾತೆಯಲ್ಲಿರುವ ಒಟ್ಟು ಮೊತ್ತ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಆದರೆ ತಿಂಗಳುವಾರು ಲೆಕ್ಕ ಬೇಕೆಂದರೆ ಪಾಸ್‌ಬುಕ್ಕೇ ಆಗಬೇಕು.

ಪ್ರತಿ ತಿಂಗಳಿಗೂ ಮೂರು ಅಂಕಿ ಕಾಣುತ್ತವೆ: ನಿಮ್ಮ ಪಾಲು, ಕಂಪನಿ ಪಾಲು, ಪಿಂಚಣಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಅಂದುಕೊಳ್ಳಿ. ನಿಮ್ಮ ಪಾಲು 12 ಶೇಕಡಾ, ಅಂದರೆ 1,680. ಕಂಪನಿಯೂ ಅಷ್ಟೇ ಹಾಕಬೇಕು. ಆದರೆ ಅದು ಎರಡಾಗಿ ಒಡೆಯುತ್ತದೆ. 8.33 ಶೇಕಡಾ, ಅಂದರೆ 1,166 ರೂಪಾಯಿ ಪಿಂಚಣಿಗೆ. ಉಳಿದ 514 ರೂಪಾಯಿ ನಿಮ್ಮ ಪಿಎಫ್‌ಗೆ. ಒಟ್ಟು ತಿಂಗಳಿಗೆ 3,360. ಮೂರು ತಿಂಗಳು ಕಟ್ಟಿಲ್ಲ ಅಂದರೆ 10,080 ರೂಪಾಯಿ ಬಾಕಿ. ಪೇಸ್ಲಿಪ್‌ನಲ್ಲಿ ಕಾಣುವ 1,680ನ್ನು ಮಾತ್ರ ಲೆಕ್ಕ ಹಾಕಿ "ಐದು ಸಾವಿರ ಚಿಲ್ಲರೆ ತಾನೇ" ಎಂದುಕೊಳ್ಳುವವರು ಅರ್ಧ ಬಾಕಿಯನ್ನೇ ಮರೆತಿರುತ್ತಾರೆ.

ಸಂಬಳ ಎಷ್ಟೇ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಪಿಂಚಣಿ ಕಾಲಂಗೆ ಹೋಗುವುದು ಹೆಚ್ಚೆಂದರೆ 1,250 ರೂಪಾಯಿ. ಅದನ್ನು 15,000 ರೂಪಾಯಿ ಮಿತಿಯ ಮೇಲೆ ಲೆಕ್ಕ ಹಾಕುತ್ತಾರೆ. ಇನ್ನು 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ವೇತನ ಆಗಲೇ 15,000 ದಾಟಿದ್ದರೆ ಪಿಂಚಣಿ ಕಾಲಂನಲ್ಲಿ ಸೊನ್ನೆಯೇ ಇರುತ್ತದೆ. ಕಂಪನಿಯ ಪಾಲೆಲ್ಲ ಪಿಎಫ್‌ಗೆ ಹೋಗಿರುತ್ತದೆ. ಸೊನ್ನೆ ನೋಡಿ ಗಾಬರಿಯಾಗುವ ಮೊದಲು ಇದನ್ನು ನೆನಪಿಡಿ.

ವಿವರದ ಜಾಗದಲ್ಲಿ 'ಡ್ಯೂ ಮಂತ್' ಎಂದು ಬರೆದಿರುತ್ತದೆ. ಅದು ಸಂಬಳದ ತಿಂಗಳಲ್ಲ, ದುಡ್ಡು ಕಟ್ಟಬೇಕಾದ ತಿಂಗಳು. ಮಾರ್ಚ್ ಸಂಬಳದ ಕಂತಿನ ಮುಂದೆ ಏಪ್ರಿಲ್ ಎಂದು ಇರುತ್ತದೆ. ಇದನ್ನು ತಪ್ಪಾಗಿ ಓದಿ, ಬಂದಿರುವ ತಿಂಗಳನ್ನೇ ಬಂದಿಲ್ಲ ಎಂದು ದೂರು ಕೊಟ್ಟರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಕೆಲವಕ್ಕೆ ತಮ್ಮದೇ ಪಿಎಫ್ ಟ್ರಸ್ಟ್ ಇರುತ್ತದೆ. ಅಲ್ಲಿ ಪಿಎಫ್ ಲೆಕ್ಕ ಟ್ರಸ್ಟ್ ಹತ್ತಿರವೇ ಇರುತ್ತದೆ, ಪಿಂಚಣಿ ಪಾಲು ಮಾತ್ರ ಇಪಿಎಫ್‌ಒಗೆ ಹೋಗುತ್ತದೆ. ಅಂಥವರು ಟ್ರಸ್ಟ್‌ನ ಸ್ಟೇಟ್‌ಮೆಂಟ್ ಕೇಳಬೇಕು.

ನಿಮ್ಮೊಬ್ಬರದೋ, ಎಲ್ಲರದೋ?

ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ 'ಎಸ್ಟಾಬ್ಲಿಷ್‌ಮೆಂಟ್ ಸರ್ಚ್' ಎಂಬ ಜಾಗ ಇದೆ. ಅದಕ್ಕೆ ಪಾಸ್‌ವರ್ಡ್ ಬೇಡ. ಕಂಪನಿ ಹೆಸರೋ ಪಿಎಫ್ ಕೋಡೋ (ಕಂಪನಿಗೆ ಇಪಿಎಫ್‌ಒ ಕೊಟ್ಟ ಸಂಖ್ಯೆ) ಹಾಕಿದರೆ ಅದು ಯಾವ್ಯಾವ ತಿಂಗಳಿಗೆ, ಯಾವ ದಿನ, ಎಷ್ಟು ದುಡ್ಡು, ಎಷ್ಟು ಜನರ ಲೆಕ್ಕದಲ್ಲಿ ಕಟ್ಟಿದೆ ಎಂಬ ಪಟ್ಟಿ ಬರುತ್ತದೆ. ನನ್ನ ಪ್ರಕಾರ ಇಡೀ ವೆಬ್‌ಸೈಟ್‌ನಲ್ಲಿ ಕೆಲಸಗಾರರಿಗೆ ಇದಕ್ಕಿಂತ ಉಪಯೋಗದ ಪುಟ ಇನ್ನೊಂದಿಲ್ಲ. ಗೊತ್ತಿರುವವರು ಮಾತ್ರ ಕಡಿಮೆ.

ಆ ಪಟ್ಟಿ ನೋಡಿದರೆ ರೋಗ ಎಲ್ಲಿದೆ ಎಂದು ತಿಳಿಯುತ್ತದೆ. ಯಾರ ಹೆಸರಲ್ಲೂ ಆ ತಿಂಗಳ ದುಡ್ಡು ಬಂದಿಲ್ಲ ಅಂದರೆ ಕಂಪನಿ ಕಟ್ಟಿಯೇ ಇಲ್ಲ. ಮೊದಲು 180 ಜನರಿಗೆ ಕಟ್ಟುತ್ತಿದ್ದವರು ಈಗ 95 ಜನರಿಗೆ ಕಟ್ಟಿದ್ದಾರೆ, ಆದರೆ ಜನ ಅಷ್ಟೇ ಇದ್ದಾರೆ ಅಂದರೆ ಅರ್ಧದಷ್ಟು ಜನರನ್ನು ಬಿಟ್ಟಿದ್ದಾರೆ. ಎಲ್ಲರದೂ ಬಂದು ನಿಮ್ಮದು ಮಾತ್ರ ಬಂದಿಲ್ಲ ಅಂದರೆ ಹೆಸರು, ಆಧಾರ್, ಯುಎಎನ್‌ನಲ್ಲಿ ಏನೋ ಹೊಂದಿಕೆಯಾಗಿಲ್ಲ. ಆಧಾರ್ ಜೋಡಣೆ ಆಗದ ಯುಎಎನ್‌ಗೆ ಕಂಪನಿ ಚಲನ್ ಸಲ್ಲಿಸಲು ಆಗುವುದಿಲ್ಲ. ಈ ನಿಯಮ 2021ರಲ್ಲಿ ಬಂತು. ಎಚ್‌ಆರ್ ಹೇಳುವ ನೆಪಗಳಲ್ಲಿ ನಿಜ ಇರಬಹುದಾದದ್ದು ಇದೊಂದೇ. ಅದನ್ನು ನೀವೇ ಒಮ್ಮೆ ಸರಿಪಡಿಸಿಕೊಂಡರೆ ಆ ನೆಪವೂ ಉಳಿಯುವುದಿಲ್ಲ.

ಕೇಳುವ ಮೊದಲು ಕಾಗದ ಒಟ್ಟುಮಾಡಿ

ಬಾಕಿ ಇರುವ ತಿಂಗಳುಗಳ ಪೇಸ್ಲಿಪ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಗುರುತಿನ ಚೀಟಿ, ಇವತ್ತಿನ ತಾರೀಖಿನ ಪಾಸ್‌ಬುಕ್ ಪ್ರತಿ. ಇಷ್ಟನ್ನೂ ಕಂಪನಿ ಕಂಪ್ಯೂಟರ್‌ನಲ್ಲಿ ಇಡಬೇಡಿ. ನಿಮ್ಮ ಸ್ವಂತ ಇಮೇಲ್‌ಗೋ ಫೋನ್‌ಗೋ ಹಾಕಿಕೊಳ್ಳಿ. ಪೇಸ್ಲಿಪ್‌ಗಳು ಕಂಪನಿಯ ಪೋರ್ಟಲ್‌ನಲ್ಲಿ ಮಾತ್ರ ಇರುವ ಕಡೆ ಇದು ಮುಖ್ಯ. ಜಗಳ ಶುರುವಾದ ದಿನ ಲಾಗಿನ್ ನಿಂತುಹೋಗುವುದು ಹೊಸದೇನಲ್ಲ.

ಪೇಸ್ಲಿಪ್ಪೇ ಕೊಡದ ಕಡೆ ಹಾಜರಿ ಪುಸ್ತಕದ ಫೋಟೋ, ಸಂಬಳದ ಬಗ್ಗೆ ಬಂದ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕ್‌ನಲ್ಲಿ ಬಿದ್ದ ಮೊತ್ತ, ಏನಿದೆಯೋ ಅದನ್ನು ಇಟ್ಟುಕೊಳ್ಳಿ.

ಬರಹದಲ್ಲಿ ಕೇಳಿ

ಬಾಯಿಮಾತಲ್ಲಿ ಹತ್ತು ಸಲ ಕೇಳುವುದಕ್ಕಿಂತ ಇಮೇಲ್‌ನಲ್ಲಿ ಒಂದು ಸಲ ಕೇಳುವುದು ಮೇಲು. ಜಾಸ್ತಿ ಬರೆಯಬೇಡಿ. ಬೈಯಬೇಡಿ. ಹೀಗಿದ್ದರೆ ಸಾಕು:

"ಮಾನ್ಯರೇ, ಏಪ್ರಿಲ್, ಮೇ ಮತ್ತು ಜೂನ್ ತಿಂಗಳ ನನ್ನ ಸಂಬಳದಲ್ಲಿ ಪಿಎಫ್‌ಗಾಗಿ ತಲಾ 1,680 ರೂ. ಹಿಡಿಯಲಾಗಿದೆ. ಪೇಸ್ಲಿಪ್‌ಗಳನ್ನು ಲಗತ್ತಿಸಿದ್ದೇನೆ. ಈ ದಿನದವರೆಗೆ ನನ್ನ ಪಾಸ್‌ಬುಕ್‌ನಲ್ಲಿ ಈ ಮೂರು ತಿಂಗಳ ಹಣ ಜಮೆಯಾಗಿಲ್ಲ. ಹಣ ಕಟ್ಟಿದ್ದರೆ ಚಲನ್‌ನ ವಿವರ ಮತ್ತು ಕಟ್ಟಿದ ದಿನಾಂಕ ತಿಳಿಸಿ. ಕಟ್ಟಿಲ್ಲದಿದ್ದರೆ ಯಾವ ದಿನಾಂಕದೊಳಗೆ ಕಟ್ಟುತ್ತೀರಿ ಎಂದು ಏಳು ದಿನದೊಳಗೆ ಬರಹದಲ್ಲಿ ತಿಳಿಸಬೇಕಾಗಿ ವಿನಂತಿ."

ಪ್ರಶ್ನೆ ಹೀಗಿದ್ದರೆ "ನೋಡ್ತೀವಿ" ಎಂದು ಜಾರಿಕೊಳ್ಳುವುದು ಕಷ್ಟ. ಎಚ್‌ಆರ್‌ಗೆ ಕಳಿಸಿ, ಅಕೌಂಟ್ಸ್ ವಿಭಾಗಕ್ಕೂ ಪ್ರತಿ ಹಾಕಿ. ಎಚ್‌ಆರ್ ಹುಡುಗಿ ಮೇಲೆ ಕೂಗಾಡಿ ಉಪಯೋಗ ಇಲ್ಲ. ದುಡ್ಡು ಬಿಡುವುದು ಅವಳ ಕೈಲಿಲ್ಲ. ಅವಳ ಪಿಎಫ್ಫೂ ಬಂದಿರುವುದಿಲ್ಲ, ಅಲ್ವಾ?

ಕಂಪನಿಯಿಂದ ಬರುವ ಕೆಲವು ಮಾತಿಗೆ ಒಪ್ಪಲೇಬೇಡಿ. "ಪಿಎಫ್ ದುಡ್ಡು ಕೈಗೇ ಕೊಡ್ತೀವಿ, ಸಹಿ ಹಾಕಿ" ಎಂದರೆ ಬೇಡ ಎನ್ನಿ. ಕೈಗೆ ಬಂದ ದುಡ್ಡಿನಿಂದ ಪಿಂಚಣಿ ಸೇವೆ ಲೆಕ್ಕಕ್ಕೆ ಸೇರುವುದಿಲ್ಲ. ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು, ನಡುವೆ ತೂತು ಬಿದ್ದರೆ ಆ ಲೆಕ್ಕವೇ ತಪ್ಪುತ್ತದೆ. "ತಡವಾಗಿದ್ದಕ್ಕೆ ಬಿದ್ದ ದಂಡವನ್ನು ನಿಮ್ಮ ಸಂಬಳದಲ್ಲೇ ಹಿಡೀತೀವಿ" ಎಂದರೆ ಅದು ಕಾನೂನಿಗೆ ವಿರುದ್ಧ. ಕಂಪನಿಯ ಪಾಲನ್ನು ಕೆಲಸಗಾರರಿಂದ ವಸೂಲು ಮಾಡುವಂತೆಯೂ ಇಲ್ಲ.

ಪಿಎಫ್ ಕಚೇರಿಗೆ ದೂರು

ಏಳು ದಿನ ಕಳೆದು ಉತ್ತರ ಬರದಿದ್ದರೆ, ಅಥವಾ ಕೊಟ್ಟ ಮಾತು ತಪ್ಪಿದರೆ, ಇಪಿಎಫ್‌ಒದ ದೂರು ಪೋರ್ಟಲ್‌ಗೆ ಹೋಗಿ. ಅದರ ಹೆಸರು ಇಪಿಎಫ್‌ಐಜಿಎಂಎಸ್. 'ಪಿಎಫ್ ಮೆಂಬರ್' ಆರಿಸಿ, ಯುಎಎನ್ ಹಾಕಿದರೆ ಮೊಬೈಲ್‌ಗೆ ಒಟಿಪಿ ಬರುತ್ತದೆ. ನಂತರ ಯಾವ ಕಂಪನಿಯ ಬಗ್ಗೆ ದೂರು ಎಂದು ನಿಮ್ಮ ಪಿಎಫ್ ಖಾತೆ ಸಂಖ್ಯೆ ಆರಿಸಬೇಕು. ಹಿಂದೆ ಬೇರೆ ಕಡೆ ಕೆಲಸ ಮಾಡಿದ್ದರೆ ಅಲ್ಲಿ ಎರಡು ಮೂರು ಸಂಖ್ಯೆ ಕಾಣುತ್ತವೆ. ತಪ್ಪಾಗಿ ಹಳೇ ಕಂಪನಿಯದನ್ನು ಒತ್ತಿದರೆ ದೂರು ಬೇರೆ ಕಚೇರಿಗೇ ಹೋಗಿ ಕೂರುತ್ತದೆ.

ದೂರಿನಲ್ಲಿ ಕಥೆ ಬೇಡ. ಕಂಪನಿಯ ಹೆಸರು, ಪಿಎಫ್ ಕೋಡ್, ಬಾಕಿ ಇರುವ ತಿಂಗಳುಗಳು, ಪ್ರತಿ ತಿಂಗಳು ಹಿಡಿದ ಮೊತ್ತ, ನೀವು ಇಮೇಲ್ ಮಾಡಿದ ದಿನ. ಸೆಕ್ಷನ್ ಸಂಖ್ಯೆಗಳನ್ನು ಹುಡುಕಿ ತುಂಬಿಸುವ ಅಗತ್ಯವೂ ಇಲ್ಲ. ನಮಗೆ ಬಾಯಿಪಾಠ ಆಗಿರುವ ಸಂಖ್ಯೆಗಳು 1952ರ ಪಿಎಫ್ ಕಾಯ್ದೆಯವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದೇ ವಿಷಯಗಳಿಗೆ ಬೇರೆ ಸಂಖ್ಯೆಗಳಿವೆ. ಸಂಗತಿ ಸರಿಯಾಗಿ ಬರೆದರೆ ಸೆಕ್ಷನ್ ಅಧಿಕಾರಿಯೇ ಹಾಕಿಕೊಳ್ಳುತ್ತಾರೆ. ಒಂದು ವಾಕ್ಯ ಮಾತ್ರ ಮರೆಯದೆ ಸೇರಿಸಿ: "ಸಂಬಳದಲ್ಲಿ ಹಿಡಿದ ನನ್ನ ಪಾಲನ್ನೂ ಕಂಪನಿ ಕಟ್ಟಿಲ್ಲ." ಕಂಪನಿಯ ಪಾಲು ಕಟ್ಟದಿರುವುದಕ್ಕಿಂತ ಇದು ದೊಡ್ಡ ಅಪರಾಧ.

ಪೇಸ್ಲಿಪ್, ಪಾಸ್‌ಬುಕ್, ಇಮೇಲ್ ಮೂರನ್ನೂ ಲಗತ್ತಿಸಿ. ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಅದೇ ಬೇಕು.

ಕೆಲವು ದೂರುಗಳನ್ನು "ಕಂಪನಿಗೆ ತಿಳಿಸಲಾಗಿದೆ" ಎಂಬ ಒಂದು ಸಾಲು ಬರೆದು ಮುಚ್ಚಿಬಿಡುತ್ತಾರೆ. ಬೇಸರ ಬರುತ್ತದೆ, ನಿಜ. ಆದರೆ ಬಿಡಬೇಡಿ. ಹಳೇ ಸಂಖ್ಯೆಯನ್ನು ಕಾಣಿಸಿ ಹೊಸ ದೂರು ಹಾಕಿ, "ಹಣ ಇನ್ನೂ ಜಮೆಯಾಗಿಲ್ಲ" ಎಂದು ಆ ದಿನದ ಪಾಸ್‌ಬುಕ್ ಅಂಟಿಸಿ. ಅದಕ್ಕೂ ಜಗ್ಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಇಂಥ ಸಂಖ್ಯೆಯ ದೂರಿನ ಮೇಲೆ ಯಾವ ದಿನ ಯಾವ ಕ್ರಮ ಆಯಿತು, ಕಂಪನಿಗೆ ಕಳಿಸಿದ ನೋಟಿಸ್‌ನ ಪ್ರತಿ ಕೊಡಿ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಸಲ ಉತ್ತರ ಬರೆಯಬೇಕಲ್ಲ ಎಂದೇ ಕಡತ ಅಲುಗಾಡುತ್ತದೆ.

ಆನ್‌ಲೈನ್ ಬಗ್ಗೆ ನಂಬಿಕೆ ಇಲ್ಲದವರು ಮುಖಾಮುಖಿ ಹೋಗಬಹುದು. 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರವನ್ನು ಇಪಿಎಫ್‌ಒ 2023ರಿಂದ ಜಿಲ್ಲೆಗಳಲ್ಲೇ, ಪ್ರತಿ ತಿಂಗಳ 27ರಂದು ನಡೆಸುತ್ತಿದೆ. ಆ ದಿನ ರಜೆಯಾದರೆ ಮಾರನೇ ಕೆಲಸದ ದಿನ. ಮಂಡ್ಯದಿಂದ ಮೈಸೂರಿನ ಕಚೇರಿಗೆ, ಬೀದರ್‌ನಿಂದ ಕಲಬುರಗಿಯ ಕಚೇರಿಗೆ ಓಡುವ ಬದಲು ಇದು ವಾಸಿ. ಜಾಗ ಎಲ್ಲಿ ಎಂದು ಮೊದಲೇ ವಿಚಾರಿಸಿಕೊಳ್ಳಿ, ಅದು ಬದಲಾಗುತ್ತಿರುತ್ತದೆ.

ಒಬ್ಬರೇ ಹೋಗಬೇಡಿ

ದೂರು ಕೊಟ್ಟರೆ ಕೆಲಸಕ್ಕೆ ತೊಂದರೆ ಆಗುತ್ತದಾ? ಆಗಬಹುದು. ಯುಎಎನ್ ಹಾಕಿ ಕೊಡುವ ದೂರಿನಲ್ಲಿ ನಿಮ್ಮ ಹೆಸರು ಇದ್ದೇ ಇರುತ್ತದೆ. ಅದಕ್ಕೇ ಐದಾರು ಜನ ಸೇರಿ, ಒಂದೇ ವಾರದಲ್ಲಿ, ಬೇರೆ ಬೇರೆ ದೂರು ಹಾಕುವುದು ಒಳ್ಳೆಯದು. ಒಬ್ಬರನ್ನು ಗುರಿ ಮಾಡುವುದು ಸುಲಭ, ಆರು ಜನರನ್ನಲ್ಲ. ಯೂನಿಯನ್ ಇದ್ದರೆ ಅದರ ಲೆಟರ್‌ಹೆಡ್‌ನಲ್ಲಿ ಪ್ರಾದೇಶಿಕ ಪಿಎಫ್ ಆಯುಕ್ತರಿಗೆ ಪತ್ರ ಕೊಡಿಸಿ. ಪಿಎಫ್ ವಿಷಯದಲ್ಲಿ ಗುಂಪಿನ ಬಲ ಏನು ಎಂದು ಬೆಂಗಳೂರು ಒಮ್ಮೆ ನೋಡಿದೆ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕೆಲಸಗಾರರು, ಅದರಲ್ಲೂ ಹೆಣ್ಣುಮಕ್ಕಳು, ಪಿಎಫ್ ವಾಪಸಾತಿಯ ಹೊಸ ನಿಯಮದ ವಿರುದ್ಧ ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ಪಡೆಯಿತು.

ಗುತ್ತಿಗೆ ಕೆಲಸಗಾರರಿಗೆ ಇಲ್ಲಿ ಒಂದು ಮುಖ್ಯ ಮಾತು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್ ಕೆಲಸದವರ ಪಿಎಫ್ಅನ್ನು ಏಜೆನ್ಸಿ ಕಟ್ಟದಿದ್ದರೆ, ಯಾರ ಜಾಗದಲ್ಲಿ ಕೆಲಸ ಮಾಡುತ್ತೀರೋ ಆ ಮೂಲ ಮಾಲೀಕರೇ ಅದಕ್ಕೆ ಹೊಣೆ. ಅವರು ಕಟ್ಟಿ, ಆಮೇಲೆ ಏಜೆನ್ಸಿಯ ಬಿಲ್‌ನಲ್ಲಿ ಹಿಡಿದುಕೊಳ್ಳಬಹುದು. ಹಾಗಾಗಿ ಇಮೇಲ್ ಏಜೆನ್ಸಿಗೆ ಮಾತ್ರ ಅಲ್ಲ, ಆ ಆಸ್ಪತ್ರೆಗೋ ಐಟಿ ಪಾರ್ಕ್‌ಗೋ ಫ್ಯಾಕ್ಟರಿಗೋ ಕೂಡ ಹೋಗಲಿ. ಏಜೆನ್ಸಿಯ ಬಿಲ್ ನಿಂತರೆ ಪಿಎಫ್ ತಾನಾಗಿ ಬರುತ್ತದೆ.

ಕಚೇರಿ ಏನು ಮಾಡಬಲ್ಲದು

ಅಧಿಕಾರಿ ಕಂಪನಿಯ ದಾಖಲೆ ತರಿಸಿ, ವಿಚಾರಣೆ ನಡೆಸಿ, ಬಾಕಿ ಎಷ್ಟು ಎಂದು ಆದೇಶ ಹೊರಡಿಸಬಹುದು. 1952ರ ಕಾಯ್ದೆಯ ಸೆಕ್ಷನ್ ಸಂಖ್ಯೆ ಹಿಡಿದು ಇದನ್ನೇ ಎಲ್ಲರೂ '7ಎ ವಿಚಾರಣೆ' ಎನ್ನುವುದು. ಆಮೇಲೂ ಕಟ್ಟದಿದ್ದರೆ ಬ್ಯಾಂಕ್ ಖಾತೆ ಹಿಡಿಯಬಹುದು, ಆಸ್ತಿ ಜಪ್ತಿ ಮಾಡಬಹುದು. ಕಟ್ಟಬೇಕಾದ ದಿನದಿಂದ ವರ್ಷಕ್ಕೆ 12 ಶೇಕಡಾ ಬಡ್ಡಿ ಬೀಳುತ್ತದೆ. ಅದರ ಮೇಲೆ ದಂಡ ಬೇರೆ. ಮೊದಲು ತಡವಾದಷ್ಟೂ ದಂಡ ಏರುತ್ತಿತ್ತು: ಎರಡು ತಿಂಗಳೊಳಗೆ ವರ್ಷಕ್ಕೆ 5 ಶೇಕಡಾ, ಆರು ತಿಂಗಳು ದಾಟಿದರೆ 25. 2024ರ ಜೂನ್‌ನಿಂದ ಎಲ್ಲಕ್ಕೂ ತಿಂಗಳಿಗೆ 1 ಶೇಕಡಾ ಎಂದು ಮಾಡಿದರು. ನನಗೇನೋ ಈ ಬದಲಾವಣೆ ಹಿಡಿಸಿಲ್ಲ. ಉದ್ದಕ್ಕೂ ಎಳೆಯುವವರಿಗೇ ಇದರಿಂದ ಲಾಭ. ಈ ದಂಡ ನಿಮ್ಮ ಕೈಗೆ ಬರುವ ದುಡ್ಡಲ್ಲ, ಅದನ್ನು ಕಂಪನಿ ಇಪಿಎಫ್‌ಒಗೆ ಕಟ್ಟುತ್ತದೆ.

"ಬೇಕೂಂತ ಮಾಡಿದ್ದಲ್ಲ" ಎಂಬ ಮಾತೂ ನಡೆಯುವುದಿಲ್ಲ. ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕಾ ಪ್ರಯೋಗ ಕೇಂದ್ರದ ಪ್ರಕರಣದಲ್ಲಿ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪಿಎಫ್ ತಡವಾಗಿದ್ದರೆ ದಂಡ ಹಾಕಲು ದುರುದ್ದೇಶ ಇತ್ತೇ ಎಂದು ನೋಡಬೇಕಾಗಿಲ್ಲ.

ಅಕೌಂಟ್ಸ್‌ನವರ ಹತ್ತಿರ ಮಾತಾಡುವಾಗ ಇನ್ನೊಂದು ವಿಷಯ ಕೆಲಸಕ್ಕೆ ಬರುತ್ತದೆ. 2026ರ ಮಾರ್ಚ್‌ವರೆಗಿನ ಬಾಕಿಯಾದರೆ, ಕೆಲಸಗಾರರಿಂದ ಹಿಡಿದ ಪಾಲನ್ನು ಗಡುವು ದಾಟಿ ಕಟ್ಟಿದ ಕಂಪನಿ ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಎಂದು ಕಳೆಯುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. ಅಂದರೆ ಬಡ್ಡಿ, ದಂಡ, ಜೊತೆಗೆ ತೆರಿಗೆಯೂ ಜಾಸ್ತಿ. ಮಾಲೀಕರಿಗೆ ಜೈಲಿನ ಮಾತಿಗಿಂತ ಆಡಿಟರ್ ಹೇಳುವ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಜೈಲೂ ಇದೆ. ಸಂಬಳದಲ್ಲಿ ಹಿಡಿದ ಪಾಲನ್ನು ಕಟ್ಟದಿದ್ದರೆ 1952ರ ಕಾಯ್ದೆಯಲ್ಲಿ ಒಂದರಿಂದ ಮೂರು ವರ್ಷದವರೆಗೆ ಶಿಕ್ಷೆ, 10,000 ರೂಪಾಯಿ ದಂಡ. ಅದು ನಂಬಿಕೆ ದ್ರೋಹದ ಅಪರಾಧವೂ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳಿದೆ. ಪೊಲೀಸ್ ಠಾಣೆಗೆ ನೀವೇ ಹೋಗುವುದಕ್ಕಿಂತ ಪಿಎಫ್ ಅಧಿಕಾರಿಯ ಮೂಲಕ ಹೋದರೆ ದೂರಿಗೆ ತೂಕ ಜಾಸ್ತಿ.

ಕೆಲಸ ಬಿಡುವುದಾದರೆ, ಕಂಪನಿ ಮುಚ್ಚಿದರೆ

ಬಾಕಿ ಇಟ್ಟುಕೊಂಡೇ ರಾಜೀನಾಮೆ ಕೊಡಬೇಕಾಗಿ ಬಂದರೆ, ಲೆಕ್ಕ ಚುಕ್ತಾ ಪತ್ರದಲ್ಲಿ "ಯಾವ ಬಾಕಿಯೂ ಇಲ್ಲ" ಎಂಬ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಕೈಯಲ್ಲೇ "ಇಂತಿಂಥ ತಿಂಗಳ ಪಿಎಫ್ ಜಮೆಯಾಗಿಲ್ಲ" ಎಂದು ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ. ಕೆಲಸ ಬಿಟ್ಟ ಮೇಲೂ ದೂರು ಕೊಡುವ ಹಕ್ಕು ಇದೆ.

ನೀವು ಕೆಲಸ ಬಿಟ್ಟ ತಾರೀಖನ್ನು ಕಂಪನಿಯವರು ಹಾಕದೆ ಸತಾಯಿಸಿದರೆ, ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಮೆಂಬರ್ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು. ಆದರೆ ಅಲ್ಲೊಂದು ಸಿಕ್ಕು ಇದೆ. ಪೋರ್ಟಲ್ ಕೊನೆಯ ಕಂತಿನ ತಿಂಗಳಿಗೆ ತಕ್ಕ ತಾರೀಖನ್ನು ಮಾತ್ರ ಒಪ್ಪುತ್ತದೆ. ಬಾಕಿ ತಿಂಗಳುಗಳು ಬರುವ ಮೊದಲೇ ಅವಸರದಲ್ಲಿ ಹಾಕಿದರೆ, ನೀವು ಆ ತಿಂಗಳುಗಳಲ್ಲಿ ಕೆಲಸವೇ ಮಾಡಿಲ್ಲ ಎಂಬಂತಾಗುತ್ತದೆ. ದುಡ್ಡಿನ ತುರ್ತು ಇಲ್ಲದಿದ್ದರೆ ಮೊದಲು ಬಾಕಿ ವಸೂಲಿ ನೋಡಿ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಆಸೆ ಬಿಡಬೇಕಿಲ್ಲ. ಕಂಪನಿಯ ಆಸ್ತಿ ಮಾರಿ ಸಾಲಗಾರರಿಗೆ ಹಂಚುವಾಗ ಕೆಲಸಗಾರರ ಪಿಎಫ್ ದುಡ್ಡು ಆ ಹಂಚಿಕೆಗೆ ಸೇರಬಾರದು ಎಂದು ದಿವಾಳಿ ಸಂಹಿತೆಯೇ ಹೇಳುತ್ತದೆ. ಆದರೆ ಬಾಕಿ ಎಷ್ಟು ಎಂದು ಲೆಕ್ಕಕ್ಕೆ ಬಂದಿರಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕಂಡ ಕೂಡಲೇ ಪಿಎಫ್ ಕಚೇರಿಗೆ ತಿಳಿಸಿ, ಪ್ರಕ್ರಿಯೆ ನಡೆಸುವ ಅಧಿಕಾರಿಗೂ ನಿಮ್ಮ ತಿಂಗಳುವಾರು ಬಾಕಿ ಪಟ್ಟಿ ಕೊಡಿ. ಕ್ಲೇಮ್ ಸಲ್ಲಿಸಲು ಗಡುವು ಇರುತ್ತದೆ.

ದುಡ್ಡು ಬಂದ ಮೇಲೆ

ಮೊತ್ತ ನೋಡಿ ಖುಷಿಯಾಗಿ ಫೋನ್ ಮುಚ್ಚಬೇಡಿ. ಬಾಕಿಯ ಎಲ್ಲ ತಿಂಗಳೂ ಬೇರೆ ಬೇರೆ ಸಾಲಾಗಿ ಬಂದಿವೆಯಾ, ಪ್ರತಿ ಸಾಲಿನಲ್ಲೂ ಸಂಬಳದ ತಿಂಗಳು ಸರಿಯಿದೆಯಾ, ನಿಮಗೆ ಪಿಂಚಣಿ ಪಾಲು ಇರಬೇಕಾದರೆ ಆ ಕಾಲಂ ತುಂಬಿದೆಯಾ ನೋಡಿ. ಅವಸರದಲ್ಲಿ ಕಟ್ಟುವವರು ಮೂಲ ವೇತನವನ್ನೇ ಕಡಿಮೆ ತೋರಿಸಿ ಕಟ್ಟುವುದೂ ಇದೆ. ಪೇಸ್ಲಿಪ್‌ನಲ್ಲಿ 14,000 ಇದ್ದು ಪಾಸ್‌ಬುಕ್‌ನ ವೇತನ ಕಾಲಂನಲ್ಲಿ 10,000 ಇದ್ದರೆ ತಿಂಗಳಿಗೆ 960 ರೂಪಾಯಿ ಇನ್ನೂ ಬರಬೇಕು. ಹಾಗಿದ್ದರೆ ದೂರನ್ನು ಮುಚ್ಚಲು ಒಪ್ಪದೆ, ಈ ವ್ಯತ್ಯಾಸವನ್ನೂ ಅದೇ ನೋಂದಣಿ ಸಂಖ್ಯೆಯ ಜೊತೆಗೆ ಬರೆದು ಕಳಿಸಿ.